ಇಳಕಲ್ಲಿನ ಚೀನಾ ದ್ರಾಕ್ಷಿ

ಲ್ಯಾಬಿನಿಂದ ಬಂದ ಚೀಟಿಯಲ್ಲಿ ಐಎನ್‌ಆರ್ 5.4 ಎಂದಿತ್ತು. ಚೀಟಿಯ ಒಡತಿ ನನ್ನೆದುರು ಕೂತು, ಮಗ್ಗದ ಹಲಗೆ ತಾಗಿ ಮೊಣಕಾಲಿನ ಮೇಲೆ ಕಪ್ಪಗೆ ಕಂದಿದೆ ಎಂದು ಹೇಳುತ್ತಿದ್ದಳು. ತಾಗಿದ್ದೇನೂ ಜೋರಾಗಿ ಅಲ್ಲವಂತೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತಿದೆಯೇ ಎಂದು ಕೇಳಿದೆ. ಸ್ವಲ್ಪ ಬರುತ್ತದೆ, ಅದನ್ನೇನು ಹೇಳುವುದು ಎಂದು ಸುಮ್ಮನಿದ್ದೆ ಎಂದಳು.

ಬಾಗಲಕೋಟೆಯ ನಮ್ಮ ಆಸ್ಪತ್ರೆಯಲ್ಲಿ ನನ್ನದು ಔಷಧ ಸಲಹೆಯ ಕೆಲಸ. ರಕ್ತ ಬೇಗ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಗುಳಿಗೆ ನುಂಗುವವರು ಹೃದ್ರೋಗದ ಹಿರಿಯ ವೈದ್ಯರನ್ನು ಕಾಣುವ ಮೊದಲು ನನ್ನ ಮೇಜಿನ ಮುಂದೆ ಕೂರುತ್ತಾರೆ. ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂಬುದನ್ನು ಐಎನ್‌ಆರ್ ಎನ್ನುವ ಅಂಕಿ ಹೇಳುತ್ತದೆ. ಆರೋಗ್ಯವಂತರಲ್ಲಿ ಅದು ಒಂದರ ಹತ್ತಿರ ಇರುತ್ತದೆ. ಇಳಕಲ್ಲಿನ ಈ ನೇಕಾರ ಹೆಣ್ಣುಮಗಳ ಎದೆಯಲ್ಲಿ ಲೋಹದ ಕವಾಟವಿತ್ತು. ಚಿಕ್ಕಂದಿನ ಕೀಲುವಾತದ ಜ್ವರ ಆಕೆಯ ಸ್ವಂತ ಕವಾಟವನ್ನು ಕೆಡಿಸಿದ್ದರಿಂದ ಅದನ್ನು ಕೂರಿಸಿದ್ದರು. ಅಂಥವರಿಗೆ ಅಂಕಿ ಎರಡೂವರೆಯಿಂದ ಮೂರೂವರೆಯ ನಡುವೆ ನಿಲ್ಲಬೇಕು. ಕೆಳಗಿಳಿದರೆ ಕವಾಟದ ಮೇಲೆ ರಕ್ತ ಗಡ್ಡೆ ಕಟ್ಟಬಹುದು, ಮೇಲೇರಿದರೆ ಮೆದುಳಿನಲ್ಲೂ ರಕ್ತ ಸೋರಬಹುದು. ದಿನಕ್ಕೆ ಐದು ಮಿಲಿಗ್ರಾಂ ಗುಳಿಗೆಯಲ್ಲಿ ವರ್ಷಗಟ್ಟಲೆ ಮೂರರ ಆಸುಪಾಸಿನಲ್ಲೇ ಇದ್ದ ಅಂಕಿ ಇದು. ಅಷ್ಟು ಸ್ಥಿರವಾಗಿದ್ದದ್ದು ಹೀಗೆ ಹಾರುವುದನ್ನು ನಾನು ನೋಡಿರಲಿಲ್ಲ.

ಮೊದಲು ಲ್ಯಾಬಿಗೆ ಹೋದೆ. ಈ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬು ಬೇಕು, ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ ಮೊದಲೇ ಇರುತ್ತದೆ. ರಕ್ತ ಗೆರೆಯವರೆಗೆ ತುಂಬದಿದ್ದರೆ ದ್ರವದ ಪಾಲು ಹೆಚ್ಚಾಗಿ ಅಂಕಿ ಸುಳ್ಳು ಹೇಳುತ್ತದೆ.

"ಗೆರಿ ತನಕ ತುಂಬೇತ್ರಿ ಮೇಡಂ," ಎಂದು ಟೆಕ್ನಿಶಿಯನ್ ಟ್ಯೂಬನ್ನೇ ಎತ್ತಿ ತೋರಿಸಿದ. "ಮಷಿನ್ ತಪ್ಪು ಅಂತೀರೇನು? ಮುಂಜಾನಿ ಕಂಟ್ರೋಲ್ ಹಾಕಿ ಮಷಿನ್ ಚೆಕ್ ಮಾಡೇನ್ರಿ, ಬರೋಬ್ಬರಿ ಬಂದೈತಿ."

ಆದರೂ ಇನ್ನೊಂದು ಕೈಯಿಂದ ಹೊಸದಾಗಿ ರಕ್ತ ತೆಗೆಸಿದೆ. ಅಂಕಿ ಹೆಚ್ಚುಕಡಿಮೆ ಅದೇ ಬಂತು.

ಆಮೇಲೆ ನನ್ನ ಪ್ರಶ್ನೆಗಳು. ಜ್ವರ ಬಂದಿತ್ತೇ, ಭೇದಿಯಾಗಿತ್ತೇ, ಮೊಣಕಾಲು ನೋವಿಗೆ ಅಂಗಡಿಯಿಂದ ಗುಳಿಗೆ ತಂದಿರೇ, ಬೇರೆ ವೈದ್ಯರು ಏನಾದರೂ ಬರೆದುಕೊಟ್ಟರೇ? ಎಲ್ಲದಕ್ಕೂ ಇಲ್ಲ ಎಂದಳು. ಸೊಪ್ಪು ತಿನ್ನುವುದು ಏಕಾಏಕಿ ಕಡಿಮೆಯಾದರೂ ಅಂಕಿ ಏರುತ್ತದೆ.

"ತಪ್ಪಲ ಪಲ್ಲೆ ಬಿಟ್ಟೀರೇನ್ರಿ?"

"ಯಾಕ ಬಿಡ್ಲಿರಿ? ರೊಟ್ಟಿ ಜೋಡಿ ಮೆಂತೆ, ಹಕ್ಕರಿಕಿ ದಿನಾ ಇರತೇತಿ."

"ಕಷಾಯ, ಬೇರು, ಭಸ್ಮ? ಯಾವದರ ನಾಟಿ ಔಷಧ?"

"ಏನೂ ಇಲ್ರಿ. ಈ ಗುಳಿಗಿ ಬಿಟ್ರ ಮತ್ತೊಂದು ಔಷಧ ಮುಟ್ಟಿಲ್ಲ. ನಿಮ್ಮ ಮುಂದ ಸುಳ್ಳ ಯಾಕ ಹೇಳ್ಲಿ?"

ಸುಳ್ಳು ಹೇಳುವವಳಲ್ಲ ಎಂಬುದು ನನಗೂ ಗೊತ್ತಿತ್ತು. ಹಿರಿಯ ವೈದ್ಯರು ಎರಡು ದಿನ ಗುಳಿಗೆ ನಿಲ್ಲಿಸಿ, ಆಮೇಲೆ ನಾಲ್ಕು ಮಿಲಿಗ್ರಾಂ ಶುರು ಮಾಡಿಸಿದರು. ಮುಂದಿನ ಭೇಟಿಗೆ ಅಂಕಿ ಮತ್ತೆ ಐದರ ಹತ್ತಿರವಿತ್ತು, ಜೊತೆಗೆ ಮೂಗಿನಿಂದ ರಕ್ತ ಬೇರೆ. ಯಕೃತ್ತಿನ ಪರೀಕ್ಷೆ ಸರಿ ಇತ್ತು, ಥೈರಾಯ್ಡೂ ಸರಿ. ತೂಕ ಇಳಿದಿರಲಿಲ್ಲ. ಗುಳಿಗೆಯನ್ನು ಮೂರು ಮಿಲಿಗ್ರಾಂಗೆ ಇಳಿಸಿದ ಮೇಲೆ ಅಂಕಿ 3.2ಕ್ಕೆ ಬಂದು ನಿಂತಿತು, ಅದರ ಮುಂದಿನ ಸಲವೂ ಅಲ್ಲೇ ಇತ್ತು.

"ನಂಬರ್ ಬರೋಬ್ಬರಿ ಬಂತಲ್ರಿ. ಇನ್ನ್ಯಾಕ ತಲಿ ಕೆಡಿಸ್ಕೋತೀರಿ?" ಎಂದರು ಹಿರಿಯರು.

ಅವರ ಕೈಯಲ್ಲಿ ಆ ಹೊತ್ತಿಗೆ ಇನ್ನೂ ಹತ್ತಾರು ರೋಗಿಗಳ ಕಾಗದಗಳಿದ್ದವು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಅದೇ ಮೈ, ಅದೇ ಕವಾಟ, ಅದೇ ಜೋಳದ ರೊಟ್ಟಿ. ಐದು ಬೇಕಾಗುತ್ತಿದ್ದ ಮೈಗೆ ಮೂರು ಹೇಗೆ ಸಾಕಾಯಿತು? ಭಯಕ್ಕಿಂತ ಹೆಚ್ಚಾಗಿ ಆ ಪ್ರಶ್ನೆಯೇ ನನ್ನನ್ನು ಕಾಡತೊಡಗಿತು. ಊಟಕ್ಕೆ ಕೂತಾಗ, ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದಾಗ ಅದೇ ಲೆಕ್ಕ.

ಹುನಗುಂದದ ಆಸ್ಪತ್ರೆಯಲ್ಲಿ ನರ್ಸುಗಳಿಗೆ ಒಂದು ತರಬೇತಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅದು ಮಧ್ಯಾಹ್ನದೊಳಗೆ ಮುಗಿಯುವಂತಿತ್ತು, ಅಲ್ಲಿಂದ ಇಳಕಲ್ ಹತ್ತಿರ. ಹಿಂದಿನ ದಿನ ಆಕೆಗೆ ಫೋನು ಮಾಡಿ, ಮನೆಗೆ ಬರಬಹುದೇ, ಗುಳಿಗೆ ಹೇಗೆ ಇಡುತ್ತೀರಿ, ಹೇಗೆ ತೆಗೆದುಕೊಳ್ಳುತ್ತೀರಿ ನೋಡಬೇಕು ಎಂದೆ. "ಬರ್ರಿ, ಊಟಕ್ಕ ಬರ್ರಿ," ಎಂದಳು, ಕಾರಣ ಕೇಳಲಿಲ್ಲ.

ಮನೆಯ ಮುಂದಿನ ಕೋಣೆ ತುಂಬ ಮಗ್ಗವೇ ಇತ್ತು. ಊಟವಾದ ಮೇಲೆ ಗುಳಿಗೆಯ ಡಬ್ಬಿ ತರಿಸಿದೆ. ಪಟ್ಟಿಗಳ ಮೇಲಿನ ಮಿಲಿಗ್ರಾಂ ಓದಿದೆ, ತಾರೀಖು ನೋಡಿದೆ, ಎಲ್ಲ ಸರಿ. ಅಡುಗೆಮನೆಯ ಗೂಡುಗಳನ್ನೂ ನೋಡಲು ಆಕೆ ಬಿಟ್ಟಳು. ಅಗಸೆ ಚಟ್ನಿ, ಗುರೆಳ್ಳು ಚಟ್ನಿ, ಮಸಾಲೆ ಖಾರ, ಅರಿಸಿನ. ನಮ್ಮೆಲ್ಲರ ಮನೆಯಲ್ಲಿ ಇರುವುದೇ. ಬಂದದ್ದು ವ್ಯರ್ಥವಾಯಿತು ಅಂದುಕೊಂಡು ಚೀಲಕ್ಕೆ ಕೈ ಹಾಕಿದೆ.

ಆಕೆ ಮಗ್ಗದ ಹತ್ತಿರ ಕೂತು ತನ್ನ ಕೆಲಸಕ್ಕೆ ಕೈ ಹಚ್ಚಿದ್ದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಆಕೆ ಕತ್ತು ಹಿಂದಕ್ಕೆಳೆದು, ಕಣ್ಣು ಕಿರಿದು ಮಾಡಿ ಜೋಡಿಸುತ್ತಿದ್ದಳು. ನಡುವೆ ತಲೆಯೆತ್ತಿ, ಕಣ್ಣು ಒತ್ತಿಕೊಂಡು, ಪಕ್ಕದಲ್ಲಿದ್ದ ಗಾಜಿನ ಬಾಟಲಿಯಿಂದ ಎರಡು ಗುಟುಕು ಕುಡಿದಳು. ಬಾಟಲಿಯ ತಳದಲ್ಲಿ ಉಬ್ಬಿದ ಕೆಂಪು ಹಣ್ಣುಗಳಿದ್ದವು.

"ಅದೇನ್ರಿ?"

"ದ್ರಾಕ್ಷಿ ನೀರ್ರಿ."

"ಒಣದ್ರಾಕ್ಷಿ ಇಷ್ಟು ಕೆಂಪ ಇರತಾವೇನ್ರಿ?"

"ಇದು ಚೀನಾ ದ್ರಾಕ್ಷಿರಿ. ಕಣ್ಣಿಗೆ ಚಲೋ ಅಂತ. ನಮ್ಮ ಮನಿಯವರು ತಂದು ಕೊಟ್ಟಾರ. ಬಸವ ಜಯಂತಿ ಹೊತ್ತಿನಿಂದ ಕುಡಿಯಾಕತ್ತೇನಿ."

ಮೊದಲ ಏರಿದ ಅಂಕಿ ಬಂದದ್ದು ಬಸವ ಜಯಂತಿಯಾಗಿ ತುಸು ದಿನಕ್ಕೆ. ಚೀಲವನ್ನು ಕೆಳಗಿಟ್ಟೆ.

"ನಾ ಕೇಳಿದಾಗ ಇದನ್ನ ಹೇಳಲಿಲ್ಲಲ್ರಿ."

"ನೀವು ಔಷಧ ಕೇಳಿದ್ರಿ," ಎಂದಳು ಆಕೆ ಸಹಜವಾಗಿ. "ಇದು ಹಣ್ಣಲ್ರಿ."

ಡಬ್ಬಿ ತಂದು ತೋರಿಸಿದಳು. ಬೆರಳಿನ ಉಗುರಿನಷ್ಟುದ್ದದ, ಸುಕ್ಕುಗಟ್ಟಿದ ಕೆಂಪು ಹಣ್ಣುಗಳು. ತಳ ಕಾಣುತ್ತಿತ್ತು. ಬೆಳಿಗ್ಗೆ ಒಂದು ಹಿಡಿ ಬಿಸಿನೀರಿಗೆ ಹಾಕಿ, ದಿನವಿಡೀ ಆ ನೀರು ಕುಡಿದು, ಸಂಜೆ ಹಣ್ಣನ್ನೂ ತಿಂದುಬಿಡುತ್ತಿದ್ದಳು.

ಗಂಡ ಅಷ್ಟರಲ್ಲಿ ಬಂದ. ಗ್ರಾನೈಟ್ ಕಾರ್ಖಾನೆಯಲ್ಲಿ ಮೇಲ್ವಿಚಾರಕ, ಮಿತಭಾಷಿ. ಕಲ್ಲು ಕೊಳ್ಳಲು ಚೀನಾದಿಂದ ಬರುವ ವ್ಯಾಪಾರಿಯೊಬ್ಬರು ಯಾವಾಗಲೂ ಫ್ಲಾಸ್ಕಿನಲ್ಲಿ ಈ ಹಣ್ಣಿನ ನೀರು ಹಿಡಿದು ತಿರುಗುತ್ತಾರೆ, ಹೆಂಡತಿಗೆ ಎಳೆ ಕಾಣುತ್ತಿಲ್ಲ ಎಂದು ಮಾತಿಗೆ ಹೇಳಿದಾಗ ಎರಡು ದೊಡ್ಡ ಪೊಟ್ಟಣ ಕೊಟ್ಟು ಹೋದರು ಎಂದ. "ಈಗೂ ಬಂದಾರ್ರಿ, ಯಾರ್ಡ್ನ್ಯಾಗ ಅದಾರ. ಮತ್ತ ತಂದಾರಂತ. ಕೇಳತೀರೇನು?"

ಕೇಳದೇ ಇರುವುದು ನನ್ನಿಂದಾಗದು. ಮೂವರೂ ಹೋದೆವು.

ಯಾರ್ಡಿನಲ್ಲಿ ಕೆಂಗಲ್ಲಿನ ದೊಡ್ಡ ದೊಡ್ಡ ದಿಮ್ಮಿಗಳು ಸಾಲಾಗಿ ನಿಂತಿದ್ದವು. ಅರವತ್ತು ದಾಟಿದ ವ್ಯಾಪಾರಿ ಒಂದರ ಮೇಲೆ ನೀರು ಎರಚಿಸಿ, ಬಣ್ಣ ಎಲ್ಲಿ ಏಕರೀತಿ ಇದೆ, ಎಲ್ಲಿ ಬಿರುಕಿದೆ ಎಂದು ಬೆರಳಾಡಿಸಿ ನೋಡುತ್ತಿದ್ದರು. ಕಂಕುಳಲ್ಲಿ ಫ್ಲಾಸ್ಕು. ಮಾತು ಮೊಬೈಲಿನ ಅನುವಾದದಲ್ಲಿ ನಡೆಯಿತು. ಹಣ್ಣಿನ ಹೆಸರು ಕೇಳಿದ್ದಕ್ಕೆ ಅವರೇ ಬಾಯಿಬಿಟ್ಟು ಹೇಳಿದರು: "ಗೌ-ಚಿ." ಗೋಜಿ ಎಂದು ಪೇಟೆಯ ಅಂಗಡಿಗಳಲ್ಲಿ ಮಾರುವ ಹಣ್ಣು ಇದೇ ಎಂದು ಆಗ ಹೊಳೆಯಿತು. ಹೆಸರು ಕೇಳಿದ್ದೆ, ಆದರೆ ಯಾರೂ ಅದನ್ನು ದಿನವೂ ಹಿಡಿಗಟ್ಟಲೆ ಸೇವಿಸುವುದನ್ನು ಕಂಡಿರಲಿಲ್ಲ.

ನಾನು ಕೇಳುತ್ತ ಹೋದೆ, ಅವರೂ ಖುಷಿಯಿಂದ ಹೇಳುತ್ತ ಹೋದರು. ಅವರ ಅವ್ವ ಕೋಳಿ ಸಾರಿಗೆ ಹಾಕುತ್ತಿದ್ದರಂತೆ, ಗಂಜಿಗೂ ಹಾಕುತ್ತಿದ್ದರಂತೆ. ಸೇವಂತಿಗೆ ಹೂವಿನ ಜೊತೆ ಕುದಿಸಿದರೆ ಕಣ್ಣುರಿಗೆ ಒಳ್ಳೆಯದಂತೆ. ವಯಸ್ಸಾದವರಿಗೆ, ಹೆರಿಗೆಯಾದವರಿಗೆ, ಸೊಂಟ ಸೋತವರಿಗೆ ಬಲ. "ತಮ್ಮ ಯಕೃತ್ತು ಹಾಗೂ ಮೂತ್ರಪಿಂಡಗಳು ಸಂತುಷ್ಟವಾಗತಕ್ಕದ್ದು," ಎಂದು ಮೊಬೈಲು ಓದಿದಾಗ ಆಕೆಗೂ ನಗು ತಡೆಯಲಾಗಲಿಲ್ಲ. ವ್ಯಾಪಾರಿ ಫ್ಲಾಸ್ಕಿನ ಮುಚ್ಚಳದಲ್ಲಿ ನನಗೂ ಸ್ವಲ್ಪ ಬಗ್ಗಿಸಿಕೊಟ್ಟರು. ತೆಳುವಾದ ಸಿಹಿ, ಗಂಟಲಿಳಿದ ಮೇಲೆ ಸಣ್ಣದೊಂದು ಕಹಿ.

ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರು ಇದನ್ನು ಕುಡಿಯಬಹುದೇ ಎಂದು ಕೇಳಿದೆ. ಅನುವಾದ ಓದಿ ಅವರ ಮುಖದ ನಗು ಹೋಯಿತು. ಗೊತ್ತಿಲ್ಲ, ನಮ್ಮ ಮನೆಯಲ್ಲಿ ಅಂಥ ಗುಳಿಗೆ ತಿನ್ನುವವರು ಯಾರೂ ಇಲ್ಲ ಎಂದು ಬರೆದು, ಆಕೆಯ ಕಡೆ ತಿರುಗಿ, ಏನಾದರೂ ತೊಂದರೆಯಾಯಿತೇ ಎಂದು ಮತ್ತೆ ಬರೆದರು.

ದಿಮ್ಮಿಯೊಂದರ ನೆರಳಿಗೆ ಸರಿದು ನನ್ನ ಫೋನಿನಲ್ಲಿ ಹುಡುಕಿದೆ. ವಾರ್ಫರಿನ್ ತಿನ್ನುವವರು ಗೋಜಿ ಚಹಾವನ್ನೋ ರಸವನ್ನೋ ಕುಡಿದು ಅಂಕಿ ಏರಿಸಿಕೊಂಡ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇದ್ದವು. ಹೆಚ್ಚೇನಿಲ್ಲ, ಬಿಡಿಬಿಡಿ ರೋಗಿಗಳ ಕತೆಗಳು. ಯಕೃತ್ತಿನಲ್ಲಿ ವಾರ್ಫರಿನ್ ಅನ್ನು ಒಡೆದು ಹಾಕುವ ಕಿಣ್ವವನ್ನು ಈ ಹಣ್ಣು ತಡೆಯುತ್ತಿರಬಹುದು, ಹಾಗಾಗಿ ಗುಳಿಗೆ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ ಎಂಬ ಊಹೆ. ಐದರ ಬದಲು ಮೂರು ಸಾಕಾದ ಬಗೆ ಇದೇ ಇರಬಹುದು. ಬಹಳ ದಿನದ ತುರಿಕೆಗೆ ಕೈ ಎಟುಕಿದಂತಾಯಿತು.

ಹಿರಿಯ ವೈದ್ಯರಿಗೆ ಅಲ್ಲಿಂದಲೇ ಫೋನು ಮಾಡಿದೆ.

"ಶಾಬಾಸ್," ಎಂದರು. "ಇವತ್ತ ಬಂದ್ ಮಾಡಸ್ರಿ ಅದನ್ನ."

ನನಗೂ ಮೊದಲು ತೋಚಿದ್ದು ಅದೇ. ಆದರೆ ಡಬ್ಬಿಯ ತಳ ನೆನಪಾಯಿತು. "ಸರ್, ಈಗ ಮೂರು ಮಿಲಿಗ್ರಾಂ ತಗೊಳ್ಳಾಕತ್ತಾರ. ಹಣ್ಣು ಇದ್ದದ್ದಕ್ಕ ಮೂರು ಸಾಲತೈತಿ. ಹಣ್ಣು ಹೋತಂದ್ರ?"

ನಾವು ಗುಳಿಗೆಯನ್ನು ಹಣ್ಣಿಗೆ ಹೊಂದಿಸಿ ಇಳಿಸಿಬಿಟ್ಟಿದ್ದೆವು. ಈಗ ಹಣ್ಣು ನಿಂತರೆ ಅಂಕಿ ಕೆಳಗೆ ಬೀಳುತ್ತದೆ, ಕವಾಟದ ಮೇಲೆ ಗಡ್ಡೆ ಕಟ್ಟಬಹುದು. ವ್ಯಾಪಾರಿ ಈ ಸಲ ಬಾರದೇ ಹೋಗಿದ್ದರೂ ಡಬ್ಬಿ ಖಾಲಿಯಾಗಿ ಅದೇ ಆಗುತ್ತಿತ್ತು, ನಮಗೆ ಯಾಕೆಂದೇ ತಿಳಿಯುತ್ತಿರಲಿಲ್ಲ.

"ಖರೆ," ಎಂದರು ಅವರು. "ಸೋಮವಾರ ಕರಕೊಂಡ ಬರ್ರಿ. ನಮ್ಮ ಕಣ್ಮುಂದ ಹಣ್ಣು ಬಿಡಸೋಣು, ಗುಳಿಗಿ ಏರಸೋಣು, ದಿನ ಬಿಟ್ಟು ದಿನ ರಕ್ತ ನೋಡೋಣು. ಅಲ್ಲೀತನಕ ಈಗ ಹೆಂಗೈತಿ ಹಂಗ ಇರ್ಲಿ."

ಇದನ್ನು ಗಂಡನಿಗೆ ತಿಳಿಸಿ ಹೇಳುವುದು ಸುಲಭವಾಗಲಿಲ್ಲ. "ಇದರಿಂದನ ರಕ್ತ ಸೋರತೈತಿ ಅಂತೀರಿ, ಮತ್ತ ಸೋಮವಾರ ತನಕ ಕುಡಿಬೇಕು ಅಂತೀರಿ. ನಾ ಇವತ್ತ ಚೆಲ್ಲತೇನ್ರಿ." ತಂದುಕೊಟ್ಟವನು ತಾನು ಎಂಬುದು ಅವನನ್ನು ಇರಿಯುತ್ತಿತ್ತು. ತಕ್ಕಡಿಯ ಎರಡು ತಟ್ಟೆಗಳಂತೆ ಕೈ ಮಾಡಿ ತೋರಿಸಿ, ಒಂದನ್ನೇ ತೆಗೆದರೆ ಇನ್ನೊಂದು ಕುಸಿಯುತ್ತದೆ ಎಂದು ವಿವರಿಸಿದೆ. ಕೊನೆಗೆ ಅವನು ತಲೆಯಾಡಿಸಿದ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

ಒಂದಿಷ್ಟು ಹಣ್ಣುಗಳನ್ನು ಬಾಗಲಕೋಟೆಗೆ ತಂದೆ. ನೀರಿನಲ್ಲಿ ನೆನೆಸಿ ಬ್ಲೇಡಿನಿಂದ ಸೀಳಿದಾಗ ಒಳಗೆ ಚಪ್ಪಟೆಯಾದ ಹಳದಿ ಬೀಜಗಳು, ಥೇಟ್ ಮೆಣಸಿನಕಾಯಿಯವೇ. ಓದಿದರೆ ಅದು ಬದನೆ, ಟೊಮೆಟೊ, ಮೆಣಸಿನಕಾಯಿಗಳ ಕುಟುಂಬದ ಗಿಡ. ಚೀನಾದಲ್ಲಿ ಶತಮಾನಗಳಿಂದ ಬಳಕೆಯಲ್ಲಿದೆ. ಬೀಜವನ್ನು ಕಾಗದದ ಮೇಲೆ ಸಾಲಾಗಿಟ್ಟು ಬಹಳ ಹೊತ್ತು ನೋಡಿದೆ. ಅಷ್ಟು ಮಂದಿಗೆ ಅಷ್ಟು ಕಾಲ ಬಲ ಕೊಟ್ಟಿದೆ ಎನ್ನುವ ಹಣ್ಣನ್ನು ವಿಷ ಎನ್ನಲು ಮನಸ್ಸು ಬರಲಿಲ್ಲ. ವಾರ್ಫರಿನ್ ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಹಣ್ಣು ಅದು.

ಸೋಮವಾರ ಅವರು ಬರಲಿಲ್ಲ. ಫೋನು ಮಾಡಿದರೆ, ಮದುವೆಗೆಂದು ಒಪ್ಪಿಕೊಂಡ ಸೀರೆ ಇನ್ನೂ ಮಗ್ಗದ ಮೇಲಿದೆ, ಇಳಿಸಿ ಬರುತ್ತೇವೆ ಎಂದರು. ನಾನು ಒತ್ತಾಯಿಸಿದೆ, ಹೂಂ ಎಂದರು. ಬಂದದ್ದು ವಾರದ ಕೊನೆಗೆ. ಮೆಟ್ಟಿಲು ಹತ್ತಿ ಬಂದ ಆಕೆ ತೇಕುತ್ತ ಕುರ್ಚಿಯಲ್ಲಿ ಕೂತಳು. ಅಂಕಿ 1.6.

"ಹಣ್ಣು ಬಿಟ್ರೇನ್ರಿ?"

"ಅವತ್ತ ಬಿಟ್ಟೇನ್ರಿ."

"ಬಿಡಬ್ಯಾಡ್ರಿ ಅಂತ ಹೇಳಿದ್ನಲ್ರಿ."

"ಬಾಯಿಲೆ ಕುಡೀರಿ ಅಂದ್ರಿ," ಎಂದಳು ಆಕೆ ಮೆಲ್ಲಗೆ. "ನಿಮ್ಮ ಮಾರಿ ನೋಡಿದ್ರ ಬ್ಯಾಡ ಅಂದಂಗಿತ್ತು."

ಹಿರಿಯ ವೈದ್ಯರು ಆಕೆಯನ್ನು ಕೂಡಲೇ ಹೃದಯದ ಎಕೋ ಪರೀಕ್ಷೆಯ ಕೋಣೆಗೆ ಕರೆದೊಯ್ದರು. ತೇಕು ಮೆಟ್ಟಿಲಿನದೋ, ಹೆದರಿಕೆಯದೋ, ಕವಾಟ ಸಿಲುಕಿಕೊಂಡದ್ದೋ ನೋಡಬೇಕಿತ್ತು. ನಾನು ಪರದೆಯ ಪಕ್ಕ ನಿಂತೆ. ಗಂಡ ಬಾಗಿಲಾಚೆ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಹಿರಿಯರು ಎದೆಯ ಮೇಲೆ ಯಂತ್ರದ ತುದಿಯನ್ನು ಓರೆ ಮಾಡಿ, ತಿರುವಿ, ಮತ್ತೆ ಓರೆ ಮಾಡಿ ನೋಡುತ್ತಲೇ ಇದ್ದರು. ಪರದೆಯ ಮೇಲೆ ಕವಾಟದ ಎರಡು ರೆಕ್ಕೆಗಳು ಬೆಳ್ಳಗೆ ಮಿಂಚುತ್ತಿದ್ದವು.

"ಎರಡೂ ತೆರೀತಾವ," ಎಂದರು ಕಡೆಗೆ. "ಗಡ್ಡಿ ಇಲ್ಲ."

ಹೊರಗೆ ಹೋಗಿ ಗಂಡನಿಗೆ ಹೇಳಿದೆ.

ಆಕೆಯನ್ನು ದಾಖಲು ಮಾಡಿಕೊಂಡೆವು. ಗುಳಿಗೆ ಹಳೆಯ ಐದು ಮಿಲಿಗ್ರಾಂಗೆ ಮರಳಿತು. ಅದು ಹಿಡಿತಕ್ಕೆ ಬರುವವರೆಗೆ ಗಡ್ಡೆ ಕಟ್ಟದಿರಲೆಂದು ಹೊಟ್ಟೆಯ ಚರ್ಮದಡಿ ಹೆಪಾರಿನ್ ಇಂಜೆಕ್ಷನ್ ಕೊಟ್ಟರು. ಅಂಕಿ ನಿಧಾನವಾಗಿ ಎರಡು ದಾಟಿ, ಎರಡೂವರೆ ದಾಟಿ, ಮೂರರ ಹತ್ತಿರ ಬಂದು ಕೂತಿತು. ಆಮೇಲಿನ ತಿಂಗಳುಗಳಲ್ಲೂ ಅಲ್ಲಿಂದ ಕದಲಲಿಲ್ಲ. ಇದೆಲ್ಲ ಆ ಹಣ್ಣಿನದೇ ಕೆಲಸ ಎಂದು ಆಣೆ ಮಾಡಿ ಹೇಳಲಾರೆ. ಹೇಳಬೇಕಾದರೆ ಮತ್ತೆ ಹಣ್ಣು ಕುಡಿಸಿ ನೋಡಬೇಕು, ಅದನ್ನು ಯಾರೂ ಮಾಡುವುದಿಲ್ಲ. ಆದರೆ ಹಣ್ಣು ಬಂದಾಗ ಏರಿದ್ದು, ಹೋದಾಗ ಇಳಿದದ್ದು ಕಣ್ಣೆದುರಿಗಿದೆ.

ವಾರ್ಡಿನಲ್ಲಿ ಮಂಚದ ಮೇಲೆ ಕೂತಿದ್ದ ಆಕೆ ಗುಳಿಗೆ ಪಟ್ಟಿಯನ್ನು ತೋಳುದ್ದಕ್ಕೆ ಹಿಡಿದು ಓದಲು ಹೆಣಗುವುದನ್ನು ಕಂಡಾಗ ನನಗೆ ನಾಚಿಕೆಯಾಯಿತು. ಆಕೆ ಹಣ್ಣಿನ ಮೊರೆ ಹೋದದ್ದೇ ಕಣ್ಣಿಗಾಗಿ. ಹೃದಯ, ಯಕೃತ್ತು, ಥೈರಾಯ್ಡು ಎಲ್ಲ ನೋಡಿದ ನಾವು ಕಣ್ಣಿನ ಸುದ್ದಿಯನ್ನೇ ಎತ್ತಿರಲಿಲ್ಲ. ಕೆಳಗಿನ ಮಹಡಿಯ ಕಣ್ಣಿನ ವಿಭಾಗಕ್ಕೆ ನಾನೇ ಕರೆದೊಯ್ದೆ. ನಲವತ್ತು ದಾಟಿದವರಿಗೆ ಬರುವ ಹತ್ತಿರದ ದೃಷ್ಟಿಯ ದೋಷ, ಬೇರೇನಿಲ್ಲ. ಕನ್ನಡಕ ಹಾಕಿಸಿದಾಗ ಆಕೆ ಮೊದಲು ನೋಡಿದ್ದು ತನ್ನದೇ ಸೆರಗನ್ನು. ಕೊಂಡಿಗಳ ಸಾಲನ್ನು ಬೆರಳಿನಿಂದ ಸವರುತ್ತ, "ಇದನ್ನ ನಾನ ಹಾಕಿದ್ದು. ಇಲ್ಲಿ ಒಂದೆಳಿ ತಪ್ಪೇತಿ," ಎಂದಳು.

ಚೀನಾದ ವ್ಯಾಪಾರಿ ಊರಿಗೆ ಮರಳುವ ಮೊದಲು ಗಂಡನ ಫೋನಿಗೆ ಒಂದು ಸಂದೇಶ ಕಳಿಸಿದ್ದರು. ಅವನು ನನಗೆ ತೋರಿಸಿದ. ಮೊಬೈಲಿನ ಆ ವಿಚಿತ್ರ ಕನ್ನಡದಲ್ಲಿ, ತಮ್ಮ ಪತ್ನಿಯ ಹೃದಯದ ವಾರ್ತೆಯನ್ನು ದಯಮಾಡಿ ನೀಡತಕ್ಕದ್ದು, ನನಗೆ ನಿದ್ರೆ ಬರುತ್ತಿಲ್ಲ ಎಂದಿತ್ತು. ಅವನು ಮಾರುತ್ತರವಾಗಿ ಕನ್ನಡಕ ಹಾಕಿಕೊಂಡ ಹೆಂಡತಿಯ ಫೋಟೊ ಕಳಿಸಿದನಂತೆ.

ಈಗ ನನ್ನ ಮೇಜಿನ ಮುಂದೆ ಕೂತವರಿಗೆ ಔಷಧ, ಕಷಾಯ, ಬೇರು ಎಂದೆಲ್ಲ ಕೇಳಿ ಮುಗಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಮೊನ್ನೆ ಕುಳಗೇರಿ ಕ್ರಾಸಿನ ಕಡೆಯ ಅಜ್ಜನೊಬ್ಬ ಹೆಂಡತಿಯ ಜೊತೆ ಬಂದಿದ್ದ. ಅಂಕಿ ಯಾಕೋ ಸ್ವಲ್ಪ ಏರಿತ್ತು. ಎಲ್ಲ ಪ್ರಶ್ನೆಗೂ ಇಲ್ಲ ಇಲ್ಲ ಎಂದು ಪಟಕ ಸುತ್ತಿದ ತಲೆ ಅಲ್ಲಾಡಿಸಿದ.

"ಹೋಗ್ಲಿ ಅಜ್ಜಾರ, ಯಾರರ ಪ್ರೀತಿಲೆ ಏನರ ತಿನ್ನಾಕ ಕೊಟ್ಟಾರೇನು?"

ಅಜ್ಜ ಸ್ವಲ್ಪ ಯೋಚಿಸಿದ. "ಪ್ರೀತಿಲೆ? ನನಗ ಯಾರ ಕೊಡತಾರವಾ?"

ಪಕ್ಕದಲ್ಲಿ ಕೂತ ಅಜ್ಜಿ ಸೆರಗು ಸರಿಪಡಿಸಿಕೊಂಡು ಅವನ ಕಡೆ ತಿರುಗಿದಳು. "ದಿನಾ ಮುಂಜಾನಿ ಬಳ್ಳೊಳ್ಳಿ ಜಜ್ಜಿ, ಜೇನತುಪ್ಪದಾಗ ಕಲಸಿ ಯಾರ ಕೊಡತಾರ ಮತ್ತ?"

ಹಸಿ ಬೆಳ್ಳುಳ್ಳಿಯೂ ಅಂಕಿಯನ್ನು ಏರಿಸಬಹುದು. ನಾನು ಪೆನ್ನಿನ ಮುಚ್ಚಳ ತೆಗೆದು, ಕುರ್ಚಿಯನ್ನು ಅಜ್ಜಿಯ ಕಡೆ ತಿರುಗಿಸಿಕೊಂಡೆ.